ಮಡುವಿಗೆ ಮೋಟಾರ್ ಇಳಿಸಬೇಕಾ, ಬೇಡವಾ?

ಕುಡಿಯೋ ನೀರು ಅಂದರೆ ಸಾಕು, ಎದುರಿಗಿದ್ದವರ ಬಾಯಿ ಕಟ್ಟಿಹೋಗುತ್ತದೆ. ಅದರ ಮುಂದೆ ಹೊಳೆ, ಮರಳು, ಮೀನು ಅಂತ ಏನಾದರೂ ಹೇಳಲು ಹೋದರೆ "ಮನುಷ್ಯಾರಿಗಿಂತ ಮೀನ ಹೆಚ್ಚಾದ್ವೇನ್ರಿ ನಿಮಗ?" ಅಂತ ಕೇಳೋರು ತಯಾರಿರುತ್ತಾರೆ. 2024ರ ಬೇಸಿಗೆಯಲ್ಲಿ ನಮ್ಮೂರಿನಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಆದರೆ ಆ ಬೇಸಿಗೆ ಮುಗಿಯೋ ಹೊತ್ತಿಗೆ ಒಂದು ವಿಷಯ ಖಾತ್ರಿಯಾಯಿತು. ನಾವು ಕುಡಿಯೋ ನೀರಿನಿಂದ ಹೊಳೆ ಬತ್ತೋದಿಲ್ಲ. ಕುಡಿಯೋ ನೀರಿನ ಹೆಸರು ಹೇಳಿಕೊಂಡು ಬೇರೆ ಕಡೆ ಹೋಗೋ ನೀರಿನಿಂದ ಬತ್ತುತ್ತದೆ. ಇದನ್ನು ಭಾಷಣ ಮಾಡಿ ಹೇಳಿದರೆ ಯಾರೂ ನಂಬಲಿಲ್ಲ. ಅಳೆದು ತೋರಿಸಬೇಕಾಯಿತು.

ನಮ್ಮದು ಕಲಬುರಗಿ ಜಿಲ್ಲೆ, ಜೇವರ್ಗಿ ತಾಲೂಕಿನ ಭೀಮಾ ದಂಡೆಯ ಊರು. ಊರಿನ ಹೆಸರು ಬೇಡ, ಇನ್ನೂ ಕೆಲವರ ಸಿಟ್ಟು ಇಳಿದಿಲ್ಲ. ಸುಮಾರು ಮೂರು ಸಾವಿರ ಜನ. ಪಂಚಾಯಿತಿ ಆಫೀಸಿನ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಊರಿನ ಅರ್ಜಿಗಳೆಲ್ಲ ನನ್ನ ಕಂಪ್ಯೂಟರಿನಿಂದಲೇ ಹೊರಡೋದು. ಹಾಗಾಗಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಮಾಡಿದಾಗ "ಇವ ಬರೀತಾನ, ಇವನ್ನ ಹಾಕ್ರಿ" ಅಂತ ನನ್ನನ್ನೂ ಸೇರಿಸಿದರು. ಜಲಜೀವನ್ ಮಿಷನ್ ಬಂದ ಮೇಲೆ ಪ್ರತಿ ಊರಿಗೂ ಇಂಥ ಸಮಿತಿ ಇರಬೇಕು. ನಮ್ಮ ರಾಜ್ಯದಲ್ಲಿ ಅದನ್ನು ಮನೆ ಮನೆಗೆ ಗಂಗೆ ಅಂತ ಕರೆಯುತ್ತಾರೆ. ತಲೆಗೆ ದಿನಕ್ಕೆ 55 ಲೀಟರ್ ನೀರು ನಲ್ಲಿಯಲ್ಲೇ ಬರಬೇಕು ಅನ್ನೋದು ಅದರ ಲೆಕ್ಕ. ನಲ್ಲಿ ಬಂತು, ಪೈಪ್ ಬಂತು, ಹೊಸ ಟ್ಯಾಂಕೂ ಬಂತು. ಆದರೆ ನೀರು ಬರೋದು ಅದೇ ಹೊಳೆಯಿಂದ, ನೀರೆತ್ತೋಕೆ ಹೊಳೆಯಲ್ಲಿ ಕಟ್ಟಿದ ಬಾವಿಯಿಂದ, ಅಂದರೆ ಅದೇ ಹಳೆಯ ಜಾಕ್‌ವೆಲ್‌ನಿಂದ.

ಭೀಮೆಯ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿದು ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ನಡುವೆ ಉಜನಿ ಜಲಾಶಯ. ಅದರಲ್ಲಿ 117 ಟಿಎಂಸಿ ಹಿಡಿಯುತ್ತದೆ, ಅರ್ಧಕ್ಕಿಂತ ಜಾಸ್ತಿ ಡೆಡ್ ಸ್ಟೋರೇಜು, ಅಂದರೆ ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿಯೋ ನೀರು. ಸೊಲ್ಲಾಪುರ ನಗರಕ್ಕೂ ಕುಡಿಯೋ ನೀರನ್ನು ಅಲ್ಲಿಂದ ಹೊಳೆಯಲ್ಲೇ ಹರಿಸಿ, ಗಡಿಯ ಹತ್ತಿರದ ಬಂದಾರದಲ್ಲಿ (ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನಲ್ಲಿ) ಹಿಡಿದು ಎತ್ತುತ್ತಾರೆ. ಆ ಬಂದಾರ ದಾಟಿ ಬೇಸಿಗೆಯಲ್ಲಿ ನಮ್ಮ ಕಡೆಗೆ ಬರೋದು ಬಹಳ ಕಡಿಮೆ. ಇತ್ತ ನಮ್ಮ ಭಾಗದಲ್ಲಿ ಸೊನ್ನ, ಘತ್ತರಗಿ, ಗಾಣಗಾಪುರ ಅಂತ ಒಂದರ ಕೆಳಗೊಂದು ಬ್ಯಾರೇಜುಗಳು. ಸರಡಗಿಯ ಹತ್ತಿರ ಕಲಬುರಗಿ ನಗರಕ್ಕೆ ನೀರು ಎತ್ತುತ್ತಾರೆ. ಕೃಷ್ಣಾ ನ್ಯಾಯಾಧಿಕರಣ 1976ರಲ್ಲಿ ಭೀಮೆಯ ಮುಖ್ಯ ಹರಿವಿನಲ್ಲಿ ಕರ್ನಾಟಕಕ್ಕೆ 15 ಟಿಎಂಸಿ ಅಂತ ಬರೆದಿಟ್ಟಿದೆ. ಕಾಗದದಲ್ಲಿರೋ ಟಿಎಂಸಿ ಏಪ್ರಿಲ್‌ನಲ್ಲಿ ಜಾಕ್‌ವೆಲ್ ಒಳಗೆ ಇಳಿಯೋದಿಲ್ಲ, ಅಲ್ವಾ?

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲೂಕು ಬರಪೀಡಿತ ಅಂತ ಘೋಷಣೆಯಾಯಿತು. ಉಜನಿಯೇ ತುಂಬಲಿಲ್ಲ, ಬೇಸಿಗೆ ಬರೋದರೊಳಗೆ ಅಲ್ಲಿಯ ನೀರು ಡೆಡ್ ಸ್ಟೋರೇಜಿಗಿಂತ ಕೆಳಗೆ ಇಳಿಯಿತು. ಅಫಜಲಪುರದ ಕಡೆ ಹೊಳೆಗೆ ನೀರು ಬಿಡಿ ಅಂತ ಧರಣಿ ಶುರುವಾದವು. ಉಜನಿಯಿಂದ ಬಿಡಿ, ಇಲ್ಲವೇ ನಾರಾಯಣಪುರದಿಂದ ಇಂಡಿ ಶಾಖಾ ಕಾಲುವೆಯ ಮೂಲಕ ಬಿಡಿ ಅಂತ ಬೇಡಿಕೆ. ಅದೆಲ್ಲ ದೊಡ್ಡವರ ಮಟ್ಟದ ಮಾತು. ನಮ್ಮ ಸಮಿತಿಯ ಕೈಯಲ್ಲಿ ಇದ್ದದ್ದು ನಮ್ಮೂರಿನ ಎದುರಿನ ಅರ್ಧ ಮೈಲು ಹೊಳೆ ಮಾತ್ರ.

ಎಳ್ಳ ಅಮಾವಾಸ್ಯೆ ದಿನ ಹೊಲದಲ್ಲಿ ಚರಗ ಚೆಲ್ಲಿ ಬರುವಾಗಲೇ ಹೊಳೆ ಎರಡು ಕವಲಾಗಿ ಸಣ್ಣಗೆ ಹರಿಯುತ್ತಿತ್ತು. ಶಿವರಾತ್ರಿ ಹೊತ್ತಿಗೆ ಹರಿವು ನಿಂತೇಹೋಯಿತು. ಜಾಕ್‌ವೆಲ್‌ನಲ್ಲಿ ಮೋಟಾರ್ ಒಂದು ಗಂಟೆ ಓಡಿದರೆ ನೀರು ಕೆಳಗೆ ಹೋಗಿ ಗಾಳಿ ಎಳೆಯೋದು. ಎರಡು ಗಂಟೆ ಬಿಟ್ಟು ಮತ್ತೆ ಹಚ್ಚಬೇಕು. ವಾಟರ್‌ಮನ್ ರಾತ್ರಿಯೆಲ್ಲ ಅಲ್ಲೇ ಮಲಗೋಕೆ ಶುರು ಮಾಡಿದ.

ಇದಕ್ಕೆ ಬರಗಾಲ ಒಂದೇ ಕಾರಣ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆದರೆ 2018ರಲ್ಲೂ ಹೊಳೆ ಬತ್ತಿತ್ತು, ಆಗ ಜಾಕ್‌ವೆಲ್ ಹೀಗೆ ಕೈಕೊಟ್ಟಿರಲಿಲ್ಲ. ಸಮಿತಿಯಲ್ಲಿದ್ದ ಒಬ್ಬ ಹಿರಿಯರು, ಅಂಬಿಗರವರು, ಮೀನು ಹಿಡಿಯೋದೇ ಅವರ ಕಸುಬು, ಒಂದು ದಿನ ನನ್ನನ್ನು ಹೊಳೆಗೆ ಕರೆದುಕೊಂಡು ಹೋಗಿ ಜಾಕ್‌ವೆಲ್ಲಿನ ಗೋಡೆ ತೋರಿಸಿದರು. ಗೋಡೆಯ ಮೇಲೆ ನನ್ನ ಎದೆಯ ಮಟ್ಟಕ್ಕೆ ಒಂದು ಬಣ್ಣದ ಗುರುತು. ಅಲ್ಲಿಂದ ಮೇಲೆ ಸಿಮೆಂಟು ಬಿಸಿಲಿಗೆ ಬಿಳಿಚಿತ್ತು, ಕೆಳಗೆ ಕಪ್ಪಗಿತ್ತು. "ಇಲ್ಲಿತನಕ ಮಳಲ ಇತ್ತು" ಅಂದರು. ನಾನು ನಿಂತಿದ್ದ ಜಾಗದಲ್ಲಿ ಈಗ ಬರೀ ಕಲ್ಲು, ರಾಡಿ.

2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಮಹಾಪೂರ ಬಂದದ್ದು ಈ ಕಡೆಯವರು ಯಾರೂ ಮರೆತಿಲ್ಲ. ನಮ್ಮ ಪಂಪ್‌ಹೌಸ್ ಪೂರ್ತಿ ಮುಳುಗಿತ್ತು. ಆದರೆ ಆ ಪೂರ ಹೋಗುವಾಗ ಒಳ್ಳೆಯ ಮರಳು ಬಿಟ್ಟು ಹೋಗಿತ್ತು. ಮೂರು ವರ್ಷದಲ್ಲಿ ಅದು ಖಾಲಿ. ಮೇಲಿನ ಜಲಾಶಯ, ಬ್ಯಾರೇಜುಗಳಲ್ಲಿ ಮರಳು ತಡೆದು ನಿಲ್ಲುತ್ತದೆ, ಕೆಳಗೆ ಹೊಸದು ಬೇಗ ಬರೋದಿಲ್ಲ. ಹೋಗೋದು ಮಾತ್ರ ದಿನಾ ಹೋಗುತ್ತದೆ, ಜಾಸ್ತಿ ರಾತ್ರಿ. ಯಾರ ಟ್ರ್ಯಾಕ್ಟರ್ ಅಂತ ಬರೆಯೋದಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತು.

ಮರಳು ಹೋದರೆ ನೀರು ಯಾಕೆ ಹೋಗುತ್ತದೆ ಅಂತ ಸಮಿತಿಯಲ್ಲೇ ಕೆಲವರಿಗೆ ಒಪ್ಪಿಗೆಯಾಗಲಿಲ್ಲ. "ಮಳಲ ತೆಗೆದ್ರ ತಗ್ಗ ಬೀಳ್ತದ, ತಗ್ಗಿನ್ಯಾಗ ನೀರ ಜಾಸ್ತಿ ನಿಲ್ತದಲ್ಲ?" ಕೇಳೋಕೆ ಸರಿ ಅನ್ನಿಸೋ ಮಾತು. ಅದಕ್ಕೆ ನಮ್ಮ ಸಮಿತಿಯ ಹೆಣ್ಣುಮಗಳೊಬ್ಬರು, ಅಂಗನವಾಡಿಯಲ್ಲಿ ಕೆಲಸ ಮಾಡೋರು, ಪಂಚಾಯಿತಿ ಕಟ್ಟೆಯ ಮೇಲೆ ಒಂದು ಕೆಲಸ ಮಾಡಿದರು. ಹತ್ತು ಲೀಟರಿನ ಬಕೆಟ್ ತುಂಬ ಒಣ ಮರಳು ತುಂಬಿಸಿದರು. ಲೀಟರ್ ಮಗ್ಗಿನಿಂದ ನೀರು ಹಾಕುತ್ತಾ ಹೋದರು. ಒಂದು, ಎರಡು, ಮೂರು. ಮೂರಾದ ಮೇಲೂ ಒಂದಿಷ್ಟು ಹಿಡಿಯಿತು, ಆಮೇಲೆ ಮೇಲೆ ನೀರು ಕಂಡಿತು. ತುಂಬಿದ ಬಕೆಟ್ ಅಂತ ನಾವು ಅಂದುಕೊಂಡಿದ್ದು ಮೂರು ಲೀಟರಿಗಿಂತ ಜಾಸ್ತಿ ನೀರು ಕುಡಿದಿತ್ತು. ಅದರ ಪಕ್ಕದಲ್ಲಿ ಒಂದು ಬೋಗುಣಿಯಲ್ಲಿ ನೀರಿಟ್ಟು ಎರಡನ್ನೂ ಬಿಸಿಲಿಗೆ ಬಿಟ್ಟರು. ಎರಡು ದಿನದಲ್ಲಿ ಬೋಗುಣಿ ಎದ್ದು ಕಾಣೋ ಹಾಗೆ ಇಳಿದಿತ್ತು. ಬಕೆಟಿನ ಮೇಲಿನ ಮರಳು ಒಣಗಿತ್ತು, ನಾಲ್ಕು ಬೆರಳು ಒಳಗೆ ಕೈ ಹಾಕಿದರೆ ತಣ್ಣಗೆ ಹಸಿ.

ಮರಳು ಅಂದರೆ ಹೊಳೆಯ ಗಡಿಗೆ, ಮುಚ್ಚಳ ಸಮೇತ. ಕಲಬುರಗಿಯ ಮೇ ಬಿಸಿಲಿಗೆ ತೆರೆದ ನೀರು ದಿನಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಆರಿಹೋಗುತ್ತದೆ. ಮರಳಿನ ಒಳಗಿನದ್ದು ಹಾಗೆ ಆರೋದಿಲ್ಲ. ಮರಳಿನಲ್ಲಿರೋ ನೀರೆಲ್ಲ ನಮಗೆ ಸಿಗೋದೂ ಇಲ್ಲ, ಸ್ವಲ್ಪ ಅದಕ್ಕೇ ಅಂಟಿಕೊಂಡಿರುತ್ತದೆ. ಕಾಲು ಭಾಗ ಬಿಟ್ಟುಕೊಡುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಬ್ರಾಸ್ ಅಂದರೆ ನೂರು ಘನ ಅಡಿ. ಅಷ್ಟು ಮರಳು ಹೋದರೆ ಸುಮಾರು 700 ಲೀಟರ್ ನೀರು ಇಡೋ ಜಾಗ ಹೋಯಿತು. ಹನ್ನೆರಡು ಮಂದಿಗೆ ಒಂದು ದಿನದ ನೀರು. ಮರಳು ಇದ್ದಿದ್ದರೆ ಆ ಜಾಗ ಮತ್ತೆ ಮತ್ತೆ ತುಂಬುತ್ತಿತ್ತು, ಅದು ಬೇರೆ ಮಾತು. ಇನ್ನೊಂದು, ಮರಳು ನೀರನ್ನು ಸೋಸುತ್ತದೆ. ಹಿಂದೆ ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಹೊಳೆಯಲ್ಲಿ ವರತಿ ತೋಡಿ ಬಟ್ಟಲಲ್ಲಿ ನೀರು ತುಂಬಿಕೊಂಡು ಬರುತ್ತಿದ್ದರು, ಕನ್ನಡಿಯಂಥ ನೀರು. ಈಗ ಜಾಕ್‌ವೆಲ್‌ನಿಂದ ಬರೋದು ಕೆಂಪು ರಾಡಿ. ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ನೀರು ಮಬ್ಬು, ಬ್ಲೀಚಿಂಗ್ ಪೌಡರ್ ಎಷ್ಟು ಹಾಕಿದರೂ ತುದಿಯ ನಲ್ಲಿಯಲ್ಲಿ ಕ್ಲೋರಿನ್ ಕಾಣುತ್ತಿರಲಿಲ್ಲ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ರಾಡಿ ನೀರು ಪೌಡರನ್ನೆಲ್ಲ ತಾನೇ ತಿಂದುಬಿಡುತ್ತದೆ.

ಬಕೆಟ್ ಆಟ ನೋಡಿದ ಮೇಲೆ ಡ್ರಮ್ ಆಟಕ್ಕೆ ಧೈರ್ಯ ಬಂತು. ಇದು ಸ್ವಲ್ಪ ಕಷ್ಟದ್ದು, ಯಾಕೆಂದರೆ ಇದರಲ್ಲಿ ನಮ್ಮಣ್ಣನೇ ಸಿಕ್ಕಿಬೀಳುತ್ತಿದ್ದ. ಅವನಿಗೆ ದಂಡೆಯ ಮೇಲೆ ಮೂರು ಎಕರೆ ಕುಳೆ ಕಬ್ಬು, ಹೊಳೆಗೆ ಹತ್ತು ಎಚ್‌ಪಿ ಮೋಟಾರ್. ಅವನೊಬ್ಬನದೇ ಅಲ್ಲ, ನಮ್ಮೂರ ಎದುರು ಎರಡೂ ದಂಡೆಯಲ್ಲಿ ಎಣಿಸಿದರೆ ನಲವತ್ತಕ್ಕೂ ಜಾಸ್ತಿ ಮೋಟಾರ್. ಅವನ ಪೈಪಿನ ಬಾಯಿಗೇ ಇನ್ನೂರು ಲೀಟರಿನ ಡ್ರಮ್ ಇಟ್ಟೆವು. ಮೊಬೈಲಿನಲ್ಲಿ ಸ್ಟಾಪ್‌ವಾಚ್. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಡ್ರಮ್ ತುಂಬಿ ಚೆಲ್ಲಿತು. ಮತ್ತೆ ಇಟ್ಟೆವು, ಅಷ್ಟೇ.

ಅಲ್ಲೇ ಬದುವಿನ ಮೇಲೆ ಕೂತು ಲೆಕ್ಕ ಹಾಕಿದೆವು. ಸೆಕೆಂಡಿಗೆ 20 ಲೀಟರ್ ಅಂದರೆ ಗಂಟೆಗೆ 72,000. ಊರಿಗೆ ಬೇಕಾದ್ದು ಮೂರು ಸಾವಿರ ಜನಕ್ಕೆ 55 ಲೀಟರಿನಂತೆ 1,65,000. ಒಂದು ಮೋಟಾರ್ ಎರಡೂವರೆ ಗಂಟೆಯೊಳಗೆ ಇಡೀ ಊರಿನ ಒಂದು ದಿನದ ನೀರು ಎತ್ತುತ್ತದೆ. ಏಳು ಗಂಟೆ ತ್ರೀ ಫೇಸ್ ಕರೆಂಟ್ ಬಂದ ದಿನ ಮೂರು ದಿನದ ನೀರು. ಇಂಥವು ನಲವತ್ತು. ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಲೆಕ್ಕ ಬರೋಬ್ಬರಿ ಅದ. ಕಬ್ಬಿನ ಸಾಲ ಯಾರ ತೀರಿಸ್ತಾರ, ಅದನ್ನೂ ಹಾಕು" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹೊಳೆಯ ನೀರು ನಂಬಿ ಕಬ್ಬು ಹಾಕು ಅಂತ ಅವನಿಗೆ ಎಲ್ಲರೂ ಹೇಳಿದ್ದರು. ತೊಗರಿ ಹಾಕಿದವರು ಡಿಸೆಂಬರ್‌, ಜನವರಿಯಲ್ಲೇ ಕಟಾವು ಮುಗಿಸಿ ಕೂತಿದ್ದರು, ಅವರಿಗೆ ಈ ತಲೆನೋವೇ ಇರಲಿಲ್ಲ.

ಗ್ರಾಮಸಭೆ ಕರೆದೆವು. ನಾನು ಅಂಗಡಿಯಲ್ಲಿ 2012ರ ರಾಷ್ಟ್ರೀಯ ಜಲನೀತಿಯ ಒಂದು ಪುಟ ಜೆರಾಕ್ಸ್ ಮಾಡಿ ಹಂಚಿದ್ದೆ. ಕುಡಿಯೋದಕ್ಕೆ ಮತ್ತು ನೈರ್ಮಲ್ಯಕ್ಕೆ ಮೊದಲು, ಆಮೇಲೆ ಮನೆಯ ಬೇರೆ ಅಗತ್ಯ, ದನಕರುಗಳು, ಆಹಾರದ ಬೆಳೆ, ಪರಿಸರಕ್ಕೆ ಬೇಕಾದ ಕನಿಷ್ಠ ನೀರು, ಇವಕ್ಕೆಲ್ಲ ಆದ್ಯತೆ ಅಂತ ಅದರಲ್ಲಿದೆ. ಒಬ್ಬರೂ ಓದಲಿಲ್ಲ. ಕೆಲವರು ಅದರಲ್ಲೇ ಚುರುಮುರಿ ಕಟ್ಟಿಕೊಂಡು ತಿಂದರು. ಡ್ರಮ್ಮಿನ ಲೆಕ್ಕ ಮಾತ್ರ ಎಲ್ಲರ ಬಾಯಲ್ಲಿತ್ತು. ಜಗಳ ನಡೆಯಿತು, ಮೈಕ್ ಕಿತ್ತುಕೊಂಡರು, ಕೊನೆಗೆ ಎರಡು ಠರಾವು ಪಾಸಾದವು. ಒಂದು, ಜಾಕ್‌ವೆಲ್ ಆಸುಪಾಸು ಮರಳು ತೆಗೆಯಬಾರದು. ಎರಡು, ಹೊಳೆಯಲ್ಲಿ ನಿಂತ ನೀರಿನಿಂದ ಕಬ್ಬಿಗೆ ಎತ್ತಬಾರದು, ದನದ ಮೇವಿಗೆ ವಾರಕ್ಕೊಮ್ಮೆ ಎತ್ತಬಹುದು.

ಠರಾವು ಪಾಸಾದರೆ ಕೆಲಸ ಆದ ಹಾಗೆ ಅಲ್ಲ. ಮರಳಿನ ಅರ್ಜಿ ಹಿಡಿದು ನಾನು ತಾಲೂಕಿಗೂ ಜಿಲ್ಲೆಗೂ ಓಡಾಡಿದೆ. ಒಂದು ಕಚೇರಿಯಲ್ಲಿ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರು, ಅವರು ಹೇಳಿದ ಕಚೇರಿಯಲ್ಲೂ ಅದೇ ಮಾತು. ನಮ್ಮ ಅರ್ಜಿಯ ಬೆನ್ನೆಲುಬು ಒಂದೇ ಸಾಲು. ಕೇಂದ್ರ ಪರಿಸರ ಸಚಿವಾಲಯದ 2016ರ ಮರಳು ಗಣಿಗಾರಿಕೆ ಮಾರ್ಗಸೂಚಿಯಲ್ಲಿ ನೀರೆತ್ತುವ ಕಟ್ಟಡ, ಪಂಪ್‌ಹೌಸ್, ಸೇತುವೆಗಳಿಂದ 200ರಿಂದ 500 ಮೀಟರ್ ಒಳಗೆ ಮರಳು ತೆಗೆಯಬಾರದು, ನಿಖರ ದೂರವನ್ನು ಸ್ಥಳೀಯ ಅಧಿಕಾರಿಗಳು ಜಾಗ ನೋಡಿ ನಿಗದಿ ಮಾಡಬೇಕು ಅಂತ ಇದೆ. "ಜಾಗ ನೋಡಿ" ಅನ್ನೋದನ್ನೇ ಹಿಡಿದುಕೊಂಡೆವು. ಬಂದು ನೋಡಿ ಸಾರ್, ಅಷ್ಟೇ ನಮ್ಮ ಬೇಡಿಕೆ. ಜಂಟಿ ಪರಿಶೀಲನೆಗೆ ದಿನ ಕೊಟ್ಟರು, ಮುಂದೂಡಿದರು, ಮತ್ತೆ ಕೊಟ್ಟರು. ಚುನಾವಣೆಯ ಕೆಲಸ ಬೇರೆ ನಡೆದಿತ್ತು. ಕೊನೆಗೂ ಬಂದಾಗ ಜಾಕ್‌ವೆಲ್ ಗೋಡೆಯ ಗುರುತಿನ ಮುಂದೆ ಅಂಬಿಗರ ಹಿರಿಯರನ್ನು ನಿಲ್ಲಿಸಿದೆವು. ಬಂದವರಲ್ಲಿ ಒಬ್ಬ ಹುಡುಗ ಇಂಜಿನಿಯರ್ ಟೇಪ್ ಹಿಡಿದು ಅಳೆದು ಬರೆದುಕೊಂಡ. ಪಂಚನಾಮೆ ಆಯಿತು, ಚಹಾ ಆಯಿತು, ಹೋದರು.

ಅಷ್ಟರಲ್ಲಿ ಮೋಟಾರುಗಳ ವಿಷಯ ತಾನಾಗೇ ಒಂದು ಹಂತಕ್ಕೆ ಬಂತು. ಹೊಳೆಯ ನೀರು ಕುಡಿಯೋದಕ್ಕೆ ಮಾತ್ರ ಅಂತ ಮೇಲಿನಿಂದ ಆದೇಶ ಬಂತು, ದಂಡೆಯ ಪಂಪ್‌ಸೆಟ್‌ಗಳಿಗೆ ಕರೆಂಟ್ ಕಡಿದರು. ಕೆಲವರು ಡೀಸೆಲ್ ಎಂಜಿನ್ ತಂದರು. ಡೀಸೆಲ್ ಎಂಜಿನ್ನಿನ ಸದ್ದು ಮುಚ್ಚಿಡೋಕೆ ಆಗೋದಿಲ್ಲ, ಎರಡು ರಾತ್ರಿ ಊರಿನ ಹೆಣ್ಣುಮಕ್ಕಳು ಕಂದೀಲು ಹಿಡಿದು ಹೋಗಿ ನಿಂತ ಮೇಲೆ ಅದೂ ನಿಂತಿತು. ನಮ್ಮಣ್ಣನ ಕಬ್ಬು ಅರ್ಧ ಒಣಗಿತು. ಅತ್ತಿಗೆ ನನ್ನ ಜೊತೆ ಯುಗಾದಿಗೂ ಮಾತಾಡಲಿಲ್ಲ.

ನಿಜವಾದ ಪರೀಕ್ಷೆ ಬಂದಿದ್ದು ಮೇ ತಿಂಗಳಲ್ಲಿ. ಬಿಸಿಲು 43 ದಾಟಿತ್ತು. ಜಾಕ್‌ವೆಲ್ ಪೂರ್ತಿ ಬತ್ತಿತು. ನಮ್ಮೂರ ಎದುರು ಹೊಳೆಯಲ್ಲಿ ನೀರು ಉಳಿದಿದ್ದು ಒಂದೇ ಕಡೆ, ಬಂಡೆಗಳ ಸಂದಿಯ ಮಡುವಿನಲ್ಲಿ. ಮೋಟಾರ್ ಇಳಿಸಿ ಪೈಪ್ ಎಳೆದರೆ ಟ್ಯಾಂಕಿಗೆ ನೀರು. ಸುಲಭ. ಊರಿನ ಮುಕ್ಕಾಲು ಪಾಲು ಜನ ಅದಕ್ಕೆ ತಯಾರು. ಅಂಬಿಗರ ಓಣಿಯವರು ಮಾತ್ರ ಬೇಡ ಅಂದರು.

ಇಲ್ಲಿ ನನ್ನ ಡ್ರಮ್ಮಿನ ಲೆಕ್ಕ ಕೆಲಸಕ್ಕೆ ಬರಲಿಲ್ಲ. ಈಗ ಕಬ್ಬು ಅಲ್ಲ, ನಿಜಕ್ಕೂ ಕುಡಿಯೋ ನೀರಿಗೇ ಕೇಳುತ್ತಿದ್ದರು. ಆದರೆ ಮಡು ಅಂದರೆ ಮೀನುಗಾರರ ಬೀಜದ ಕಣಜ. ಹೊಳೆ ಬತ್ತಿದಾಗ ಆಸುಪಾಸಿನ ಮೀನೆಲ್ಲ ಅಲ್ಲಿ ಸೇರುತ್ತವೆ, ಮಳೆ ಬಂದಾಗ ಅಲ್ಲಿಂದಲೇ ಮೇಲೆ ಕೆಳಗೆ ಹೋಗಿ ಮೊಟ್ಟೆ ಇಡುತ್ತವೆ. ಆ ಮಡು ಒಣಗಿದರೆ ಮುಂದಿನ ವರ್ಷ ಬಲೆಗೆ ಏನೂ ಇಲ್ಲ. ದನ, ಕುರಿ ನೀರು ಕುಡಿಯೋದೂ ಅಲ್ಲೇ. ಹಿರಿಯರು ನನ್ನನ್ನು ಒಂದು ಬೆಳಗ್ಗೆ ಸೂರ್ಯ ಹುಟ್ಟೋ ಮುಂಚೆ ಅಲ್ಲಿಗೆ ಕರೆದರು. ನೀರಿನ ಮೇಲೆ ಎಲ್ಲಿ ನೋಡಿದರೂ ಸಣ್ಣ ಸಣ್ಣ ಬಾಯಿಗಳು. ಮೀನುಗಳು ಮೇಲೆ ಬಂದು ಗಾಳಿಗೆ ಬಾಯಿ ಬಿಡುತ್ತಿದ್ದವು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರೋ ಆಮ್ಲಜನಕ ಕಡಿಮೆ. ಪಾಚಿಯೂ ರಾತ್ರಿಯೆಲ್ಲ ಅದನ್ನೇ ಉಸಿರಾಡುತ್ತದೆ, ಬೆಳಗಿನ ಜಾವಕ್ಕೆ ಎಲ್ಲಕ್ಕಿಂತ ಕಡಿಮೆ. "ಇನ್ನ ಒಂದ್ ಮೊಳ ಇಳಿದ್ರ ಮುಗೀತು, ಎಲ್ಲಾ ತೇಲ್ತಾವ" ಅಂದರು.

"ಹಂಗಾದ್ರ ಎಷ್ಟ ತನಕ ಎತ್ತಬಹುದು?" ಅಂತ ಕೇಳಿದೆ. ಈ ಪ್ರಶ್ನೆ ಅವರಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ. ಸ್ವಲ್ಪ ಯೋಚಿಸಿ ಒಂದು ಬಂಡೆ ತೋರಿಸಿದರು. ಅದರ ಮಗ್ಗುಲಲ್ಲಿ ಮೆಟ್ಟಿಲ ಹಾಗೆ ಒಂದು ಅಂಚು. ಅಲ್ಲಿವರೆಗೆ ಇಳಿದರೆ ಪರವಾಗಿಲ್ಲ, ಅದರ ಕೆಳಗೆ ಕೈ ಹಚ್ಚಬೇಡಿ.

ಅಂದೇ ಹರಿಗೋಲಿನಲ್ಲಿ ಕೂತು ಮಡು ಅಳೆದೆವು. ಹಗ್ಗಕ್ಕೆ ಅಡಿಗೊಂದು ಗಂಟು, ತುದಿಗೆ ಕಲ್ಲು. ಅಡ್ಡ, ಉದ್ದ, ಆಳ. ಸುಮಾರು 80 ಮೀಟರ್ ಉದ್ದ, 25 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ. ಅಂದರೆ ಹೆಚ್ಚೂಕಡಿಮೆ 30 ಲಕ್ಷ ಲೀಟರ್. ಕಲ್ಲಿನ ಅಂಚಿನ ಮೇಲಿರೋದು ಅದರ ಅರ್ಧ. ಬಿಸಿಲಿಗೆ ಆರಿಹೋಗೋದೇ ದಿನಕ್ಕೆ ಇಪ್ಪತ್ತು ಸಾವಿರ ಲೀಟರ್. ಪೂರ್ತಿ 55 ಲೀಟರಿನಂತೆ ಎತ್ತಿದರೆ ಒಂದೇ ವಾರಕ್ಕೆ ಅಂಚು ಮುಟ್ಟುತ್ತದೆ. ಕುಡಿಯೋಕೆ, ಅಡಿಗೆಗೆ ಅಂತ ತಲೆಗೆ 15 ಲೀಟರ್ ಎತ್ತಿದರೆ ಮೂರು ವಾರ ಬರುತ್ತದೆ. ಅಷ್ಟರಲ್ಲಿ ಮಳೆ ಬರಬಹುದು.

ಉಳಿದ 40 ಲೀಟರ್ ಎಲ್ಲಿಂದ? ಊರಿನಲ್ಲಿ ನಾಲ್ಕಾರು ಬೋರ್‌ವೆಲ್ ಇದ್ದವು, ನೀರು ಸವಳು. ಕಿಟ್‌ನಲ್ಲಿ ನೋಡಿದರೆ ಎರಡರಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮಿತಿಗಿಂತ ಮೇಲೆ, ಗೊಬ್ಬರದ ಹೊಲಗಳ ನಡುವೆ ಇರೋ ಬೋರ್‌ಗಳು. ಕುಡಿಯೋಕೆ ಬೇಡ, ಆದರೆ ಬಟ್ಟೆಗೆ, ಪಾತ್ರೆಗೆ, ಸ್ನಾನಕ್ಕೆ ನಡೆಯುತ್ತದೆ. ಹಾಗಾಗಿ ಬೆಳಗ್ಗೆ ಒಂದು ಹೊತ್ತು ಮಡುವಿನ ನೀರು, ಅದೂ ನಲ್ಲಿಗೆ ಬಿಡದೆ ಓಣಿಗೊಂದು ಸಿಂಟೆಕ್ಸ್ ಟ್ಯಾಂಕಿಗೆ. ಸಂಜೆ ನಲ್ಲಿಯಲ್ಲಿ ಸವಳು ನೀರು. ಇದು ಯಾರಿಗೂ ಇಷ್ಟವಾಗಲಿಲ್ಲ. ನಲ್ಲಿ ಬಂದ ಮೇಲೂ ಕೊಡ ಹೊರಬೇಕಾ ಅಂತ ಹೆಣ್ಣುಮಕ್ಕಳು ಬೈದರು. ಅವರ ಮಾತು ನ್ಯಾಯವಾದದ್ದೇ. ಗಂಡಸರು ಹೊರಲಿ ಅಂತ ಅಂಗನವಾಡಿಯ ಅಕ್ಕ ಸಭೆಯಲ್ಲಿ ಹೇಳಿದರು. ಒಂದಷ್ಟು ಹುಡುಗರು ಬೈಕಿಗೆ ಕೊಡ ಕಟ್ಟಿಕೊಂಡು ಬಂದರು, ಉಳಿದವರು ಸುಮ್ನೆ ನಕ್ಕರು.

ಇನ್ನೊಂದು ಕೆಲಸ ಇದೇ ಗಡಿಬಿಡಿಯಲ್ಲಿ ಆಯಿತು, ಅದನ್ನು ಮೊದಲೇ ಮಾಡಿದ್ದರೆ ಮಡುವಿನ ತನಕ ಹೋಗೋದೇ ಬೇಕಿರಲಿಲ್ಲವೇನೋ. ವಾಟರ್‌ಮನ್ ಒಂದು ರಾತ್ರಿ 50,000 ಲೀಟರಿನ ಟ್ಯಾಂಕ್ ಪೂರ್ತಿ ತುಂಬಿಸಿ, ಓಣಿಗಳ ವಾಲ್ವ್ ಎಲ್ಲ ಬಂದ್ ಮಾಡಿ, ಟ್ಯಾಂಕಿನ ವಾಲ್ವ್ ಮಾತ್ರ ತೆರೆದಿಟ್ಟ. ಯಾರೂ ನೀರು ಹಿಡಿಯದಿದ್ದರೆ ಟ್ಯಾಂಕ್ ಇಳಿಯಬಾರದು, ಅಲ್ವಾ? ಬೆಳಗಾಗೋದರೊಳಗೆ ಮೊಳದಷ್ಟು ಇಳಿದಿತ್ತು. ಪೈಪ್ ಹಾಕಿದ ಗುತ್ತಿಗೆದಾರರು ಜಾಯಿಂಟ್ ಸರಿಯಾಗಿ ಮುಚ್ಚಿರಲಿಲ್ಲ. ಅಗೆದು ನೋಡಿದರೆ ಚರಂಡಿಯ ಪಕ್ಕದಲ್ಲೇ ಸೋರುತ್ತಿತ್ತು. ಪೈಪಿನಿಂದ ನೀರು ಹೊರಗೆ ಬರೋ ಜಾಗದಿಂದ ಕರೆಂಟ್ ಹೋದಾಗ ಚರಂಡಿ ಒಳಗೆ ಹೋಗುತ್ತದೆ, ಅದು ಬೇರೆ ಅಪಾಯ. ಓಣಿಗಳಲ್ಲಿ ಅರ್ಧ ನಲ್ಲಿಗೆ ತಿರುವೇ ಇರಲಿಲ್ಲ. ಇನ್ನು ಕೆಲವು ಮನೆಯವರು ನಲ್ಲಿಗೇ ಮೋಟಾರ್ ಹಚ್ಚಿ ಎಳೆಯುತ್ತಿದ್ದರು, ತುದಿಯ ದಲಿತರ ಓಣಿಗೆ ಹನಿ ತಲುಪುತ್ತಿರಲಿಲ್ಲ. ಆ ಓಣಿಯವರು ಮಡುವಿನ ನೀರು ಬೇಕೇ ಬೇಕು ಅಂತ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಹೊಳೆಯಲ್ಲಿ ನೀರು ತುಂಬಿ ಹರಿಯುವಾಗಲೂ ಅವರಿಗೆ ಬರಗಾಲವೇ. ನಲ್ಲಿ ಮೋಟಾರುಗಳನ್ನು ಪಂಚಾಯಿತಿ ಜಪ್ತಿ ಮಾಡಿತು. ಅದರಲ್ಲಿ ಒಂದು ಪಂಚಾಯಿತಿ ಸದಸ್ಯರೊಬ್ಬರ ಮನೆಯದ್ದು. ಅದು ಬಹಳ ಬೇಗ ವಾಪಸ್ ಹೋಯಿತು, ಇರಲಿ.

ಬಂಡೆಯ ಅಂಚಿಗೆ ಕೆಂಪು ಆಯಿಲ್ ಪೇಂಟ್‌ನಿಂದ ಗೆರೆ ಬಳಿದೆವು. ಮೋಟಾರ್ ನೀರು ಎಳೆಯೋ ಪೈಪಿನ ಬಾಯಿಗಿರೋ ಫುಟ್‌ವಾಲ್ವನ್ನೇ ಆ ಮಟ್ಟಕ್ಕೆ ಕಟ್ಟಿ ಹಾಕಿದೆವು. ನೀರು ಗೆರೆ ಮುಟ್ಟಿದರೆ ಮೋಟಾರ್ ತಾನೇ ಗಾಳಿ ಎಳೆಯುತ್ತದೆ, ಯಾರ ಮೇಲೂ ನಂಬಿಕೆ ಇಡೋ ಪ್ರಸಂಗವೇ ಇಲ್ಲ. ಈ ಉಪಾಯ ಹೇಳಿದ್ದು ನಮ್ಮಣ್ಣ. ಮೋಟಾರಿನ ವಿಷಯ ಅವನಷ್ಟು ಗೊತ್ತಿರೋರು ಊರಿನಲ್ಲಿ ಇಲ್ಲ. ಸಿಟ್ಟಿನಲ್ಲೇ ಬಂದು, ಫುಟ್‌ವಾಲ್ವ್ ಕಟ್ಟಿ, ಸಿಟ್ಟಿನಲ್ಲೇ ಹೋದ.

ಜೂನ್ ಮೊದಲ ವಾರದ ಮಳೆಗೆ ಮಡು ಗೆರೆಯ ಮೇಲೆ ನಾಲ್ಕು ಬೆರಳು ಉಳಿದಿತ್ತು. ಒಂದಷ್ಟು ಮೀನು ಸತ್ತವು, ಸಣ್ಣವು ಜಾಸ್ತಿ. ಹಿರಿಯರು "ಇಷ್ಟಾದ್ರೂ ಉಳೀತು" ಅನ್ನಲಿಲ್ಲ, "ಇನ್ನೊಂದ್ ಗೇಣ ಮ್ಯಾಲ ಗೆರಿ ಹೊಡೀಬೇಕಿತ್ತು" ಅಂದರು. ಆಗಸ್ಟ್‌ನಲ್ಲಿ ಉಜನಿ ತುಂಬಿ ಭೀಮೆ ದಂಡೆ ಮೀರಿ ಬಂತು. ಆ ನೀರಿನಲ್ಲಿ ನಮ್ಮ ಪೈಪ್ ಕೊಚ್ಚಿಹೋಯಿತು.

ಮರಳಿನ ಆದೇಶ ಮಳೆಗಾಲ ಮುಗಿದ ಮೇಲೆ ಬಂತು. ನಾವು ಕೇಳಿದ್ದು ಎರಡೂ ಕಡೆ 500 ಮೀಟರ್. ಕೊಟ್ಟಿದ್ದು ಜಾಕ್‌ವೆಲ್ಲಿನ ಮೇಲ್ಗಡೆ 500, ಕೆಳಗಡೆ 300. ಕೆಳಗಡೆ ತಗ್ಗು ತೋಡಿದರೆ ಮೇಲಿನ ಮರಳೂ ಅದರೊಳಗೆ ಜಾರುತ್ತದೆ ಅಂತ ಮತ್ತೆ ಅರ್ಜಿ ಹಾಕಿದ್ದೇವೆ. ಗಡಿಗೆ ನೆಟ್ಟ ಕಲ್ಲುಗಳಲ್ಲಿ ಎರಡನ್ನು ಯಾರೋ ಕಿತ್ತರು. ಈಗ ಅವನ್ನು ಕಾಂಕ್ರೀಟ್ ಹಾಕಿ ನೆಟ್ಟಿದ್ದೇವೆ, ನೀರಿನ ಕರದ ದುಡ್ಡಿನಿಂದ.

ಈ ಥರದ ಅರ್ಜಿ ಹಾಕೋರು ಇದ್ದರೆ ನಮ್ಮ ಫೈಲಿನಲ್ಲಿ ಕೆಲಸಕ್ಕೆ ಬಂದದ್ದು ಇಷ್ಟು: ಗ್ರಾಮಸಭೆಯ ಠರಾವಿನ ಸಹಿ ಮಾಡಿದ ಪ್ರತಿ, ಜಾಕ್‌ವೆಲ್ ಗೋಡೆಯ ಫೋಟೋ ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ತೆಗೆದದ್ದು, ಟೆಸ್ಟ್ ಕಿಟ್‌ನ ತಿಂಗಳ ತಿಂಗಳ ಬರಹ. ವಿಡಿಯೋ ಬಹಳ ಕೊಟ್ಟಿದ್ದೆವು, ಅದನ್ನು ಯಾರೂ ನೋಡಲಿಲ್ಲ. ಸಹಿ ಮಾಡಿಸಿಕೊಂಡ ಸ್ವೀಕೃತಿ ಇಲ್ಲದ ಅರ್ಜಿ ಅರ್ಜಿಯೇ ಅಲ್ಲ, ಅದನ್ನೂ ಕಲಿತೆವು.

ಅಣ್ಣ ಈ ಸಲ ಎರಡು ಎಕರೆ ತೊಗರಿ, ಒಂದು ಎಕರೆ ಕಬ್ಬು ಹಾಕಿದ್ದಾನೆ. ಒಂದು ಎಕರೆಗೂ ಬೇಸಿಗೆಯಲ್ಲಿ ಹೊಳೆ ನೀರು ಎತ್ತಬಾರದು ಅಂತ ಅಂಬಿಗರ ಓಣಿಯವರ ವಾದ. ಹರಿವು ಇರೋ ತನಕ ಎತ್ತಬಹುದು, ಹರಿವು ನಿಂತ ದಿನ ನಿಲ್ಲಿಸಬೇಕು ಅಂತ ನಾನು ಹೇಳುತ್ತಿದ್ದೇನೆ. ಹರಿವು ನಿಂತಿತು ಅಂತ ಹೇಳೋರು ಯಾರು, ಎಲ್ಲಿ ನಿಂತು ನೋಡಿ ಹೇಳಬೇಕು ಅನ್ನೋದರ ಮೇಲೆ ಮುಂದಿನ ಸಭೆ ಇದೆ.